ನಾಳೆಯೂ ಮಾಡೋಣ ಅನ್ನಿಸುವ ವ್ಯಾಯಾಮವನ್ನು ಹುಡುಕಿಕೊಳ್ಳುವುದು ಹೇಗೆ?

ನಮ್ಮ ಅಕ್ಕ ಮೂರು ಸಲ ಜಿಮ್ ಸೇರಿದ್ದಳು. ಮೂರು ಸಲವೂ ಎರಡು ತಿಂಗಳು ದಾಟಲಿಲ್ಲ. ಕೊನೆಯ ಸಲ ಬಿಟ್ಟಾಗ ನನ್ನ ಹತ್ತಿರ ತುಂಬಾ ಬೇಜಾರು ಮಾಡಿಕೊಂಡಳು. "ನನ್ನ ಕೈಲಿ ಆಗಲ್ಲ ಕಣೋ, ನನಗೆ ಮನಸ್ಸು ಗಟ್ಟಿ ಇಲ್ಲ" ಅಂದಳು. "ಅಲ್ಲಿ ಒಂದು ದಿನವಾದರೂ ನಿನಗೆ ಖುಷಿ ಆಗಿತ್ತಾ ಅಕ್ಕಾ?" ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಇಲ್ಲಪ್ಪ. ಗಡಿಯಾರ ನೋಡ್ತಾನೇ ಇರ್ತಿದ್ದೆ" ಅಂದಳು.

ಮನಸ್ಸು ಗಟ್ಟಿ ಇಲ್ಲದವಳು ಮೂರು ಸಲ ಯಾಕೆ ಸೇರುತ್ತಾಳೆ? ಅವಳಲ್ಲಿ ಹಟ ಬೇಕಾದಷ್ಟಿತ್ತು. ಅವಳು ಆರಿಸಿಕೊಂಡ ಕೆಲಸದಲ್ಲಿ ಅವಳಿಗೆ ಇಷ್ಟವಾಗುವಂಥದ್ದು ಏನೂ ಇರಲಿಲ್ಲ, ಅಷ್ಟೇ. ಇಷ್ಟವಿಲ್ಲದ ಕೆಲಸವನ್ನು ಹಟದಿಂದ ಎರಡು ತಿಂಗಳು ಎಳೆಯಬಹುದು. ಇಪ್ಪತ್ತು ವರ್ಷ ಎಳೆಯಲು ಆಗುವುದಿಲ್ಲ. ದೇಹ ಕೇಳುವುದು ಆ ಇಪ್ಪತ್ತು ವರ್ಷಗಳನ್ನೇ.

ಅದಕ್ಕೆ ಈ ಲೇಖನದಲ್ಲಿ ಯಾವ ವ್ಯಾಯಾಮ ಎಲ್ಲಕ್ಕಿಂತ ಒಳ್ಳೆಯದು ಅನ್ನುವ ಚರ್ಚೆ ಇಲ್ಲ. ಇಲ್ಲಿ ಒಂದೇ ಅಳತೆ: ಮುಗಿಸಿದ ಮೇಲೆ, ನಾಳೆಯೂ ಮಾಡೋಣ ಅನ್ನಿಸುತ್ತದಾ? ಹೌದು ಅನ್ನಿಸಿದರೆ ಅದೇ ನಿಮ್ಮ ವ್ಯಾಯಾಮ.

1. ಅಮ್ಮ ಕರೆದರೂ ಮನೆಗೆ ಬರದೆ ಏನು ಆಡುತ್ತಿದ್ದಿರಿ?

ಇಲ್ಲಿಂದಲೇ ಶುರು ಮಾಡಿ. ಚಿಕ್ಕವರಿದ್ದಾಗ ಹೊತ್ತು ಮುಳುಗಿದರೂ, ಮನೆಯಿಂದ ಹತ್ತು ಸಲ ಕರೆದರೂ, "ಇನ್ನೊಂದೇ ಒಂದು ಆಟ" ಅಂತ ಗೋಗರೆದಿರುತ್ತೀರಿ. ಆಗ ನೀವು ಏನು ಮಾಡುತ್ತಿದ್ದಿರಿ? ಸೈಕಲ್ಲಾ, ಮುಟ್ಟಾಟವಾ, ಮರ ಹತ್ತುವುದಾ, ಕುಂಟೆಬಿಲ್ಲೆಯಾ, ಹಾಡು ಹಾಕಿಕೊಂಡು ಕುಣಿಯುವುದಾ, ನೀರಿನಲ್ಲಿ ಬಿದ್ದುಕೊಂಡಿರುವುದಾ?

ಅಕ್ಕನಿಗೆ ಈ ಪ್ರಶ್ನೆ ಕೇಳಿದಾಗ ಒಂದು ಕ್ಷಣವೂ ತಡೆಯಲಿಲ್ಲ. "ಶಟಲ್" ಅಂದಳು. ನನಗೂ ನೆನಪಾಯಿತು. ಕತ್ತಲಾಗಿ ಕಾಕ್ ಕಣ್ಣಿಗೆ ಕಾಣದೆ ಇದ್ದರೂ, ಬ್ಯಾಟಿಗೆ ತಗುಲಿದ ಸದ್ದು ಕೇಳಿಕೊಂಡೇ ಅವಳು ಎದುರಿನಿಂದ ಹೊಡೆಯುತ್ತಿದ್ದಳು. ಬಿದ್ದ ಕಾಕನ್ನು ಹುಲ್ಲಿನಲ್ಲಿ ಕೈಯಾಡಿಸಿ ಹುಡುಕುತ್ತಿದ್ದೆವು. ಅದರ ಗರಿ ಎರಡು ಕಡೆ ಮುರಿದಿರುತ್ತಿತ್ತು. ಆದರೂ ಆಟ ನಿಲ್ಲುತ್ತಿರಲಿಲ್ಲ.

ಉತ್ತರ ಸಿಕ್ಕ ಕೂಡಲೇ ಅದೇ ಆಟಕ್ಕೆ ಓಡಬೇಕಿಲ್ಲ. ಅದರಲ್ಲಿ ನಿಮಗೆ ಹಿಡಿಸಿದ್ದು ಏನು ಅಂತ ಇನ್ನೊಂದು ಸಲ ಕೇಳಿಕೊಳ್ಳಿ. ಜೊತೆಗಿದ್ದ ಜನರಾ? ಗೆಲ್ಲುವ ಹುರುಪಾ? ವೇಗವಾ? ಹಾಡಿನ ತಾಳವಾ? ಹೊರಗಿನ ಗಾಳಿ ಬೆಳಕಾ? ಯಾರೂ ಮಾತಾಡಿಸದ ಒಂದು ಗಂಟೆಯಾ? ಹೊಸದೇನನ್ನೋ ಕಲಿಯುವ ಖುಷಿಯಾ? ಅಕ್ಕನಿಗೆ ಎದುರಿಗೆ ಒಬ್ಬರು ಇರಬೇಕಿತ್ತು. ಜಿಮ್‌ನಲ್ಲಿ ಅವಳ ಎದುರಿಗಿದ್ದದ್ದು ಗೋಡೆ. ಅದೇ ಜಿಮ್‌ನಲ್ಲಿ ಕಿವಿಗೆ ಹಾಡು ಸಿಕ್ಕಿಸಿಕೊಂಡು, ಯಾರ ಗೊಡವೆಯೂ ಇಲ್ಲದೆ, ತುಂಬಾ ಖುಷಿಯಾಗಿ ಭಾರ ಎತ್ತುವವರೂ ಇದ್ದಾರೆ. ಅವರಿಗೆ ಬೇಕಾದದ್ದು ಅವರಿಗೆ ಅಲ್ಲಿ ಸಿಕ್ಕಿದೆ.

ಮಂಡಿ ನೋವೋ ವಯಸ್ಸೋ ಅಡ್ಡ ಬಂದು ಹಳೆಯ ಆಟ ಆಡಲು ಆಗದೇ ಹೋದರೂ, ಹಿಡಿಸಿದ ಅಂಶ ಬೇರೆ ಕಡೆ ಸಿಗುತ್ತದೆ. ಮರ ಹತ್ತುತ್ತಿದ್ದವರಿಗೆ ಬೆಟ್ಟದ ದಾರಿ ಇದೆ. ಓಡುತ್ತಿದ್ದವರಿಗೆ ಸೈಕಲ್ ಇದೆ. ತಾಳ ಇಷ್ಟಪಡುವವರು ಕುರ್ಚಿಯಲ್ಲಿ ಕೂತೇ ಕೈಕಾಲು ಆಡಿಸಿ ಕುಣಿಯಬಹುದು.

2. ಪಟ್ಟಿ ಮಾಡಿ, ಒಂದೊಂದನ್ನೂ ಮೂರು ಸಲ ಮಾಡಿ ನೋಡಿ

ಮನಸ್ಸಿಗೆ ಬಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಐದಾರು ಸಾಕು. ನಡಿಗೆ, ಈಜು, ಸೈಕಲ್, ಡ್ಯಾನ್ಸ್, ಯೋಗ, ಸ್ಕಿಪ್ಪಿಂಗ್, ಟೇಬಲ್ ಟೆನಿಸ್, ಗಿಡಗಳ ಆರೈಕೆ, ಮಕ್ಕಳ ಜೊತೆ ಚೆಂಡಾಟ ಎಲ್ಲವೂ ನಡೆಯುತ್ತದೆ. ಯಾರಾದರೂ ನೋಡುತ್ತಾರೆ ಅನ್ನುವ ಮುಜುಗರ ಇದ್ದರೆ, ಬಾಗಿಲು ಹಾಕಿಕೊಂಡು ಮೂರು ಹಾಡಿಗೆ ಕುಣಿಯುವುದನ್ನು ಪಟ್ಟಿಯ ಮೊದಲಿಗೇ ಬರೆಯಿರಿ. ಆ ಮುಜುಗರ ತುಂಬಾ ಜನಕ್ಕೆ ಇರುತ್ತದೆ. ಅದನ್ನು ಗೆದ್ದ ಮೇಲೇ ಶುರು ಮಾಡಬೇಕು ಅಂತೇನಿಲ್ಲ.

ಒಂದೇ ಸಲ ಮಾಡಿ "ಇದು ನನಗಲ್ಲ" ಅಂತ ಬಿಡಬೇಡಿ. ಮೊದಲ ಸಲ ಯಾವುದೂ ಸರಿಯಾಗಿ ಬರುವುದಿಲ್ಲ. ಕೈಕಾಲಿಗೆ ಗೊತ್ತಿಲ್ಲದ ಕೆಲಸ ಅದು. ಎರಡನೇ ಸಲ ಭಯ ಕಡಿಮೆಯಾಗುತ್ತದೆ. ಆಟದ ನಿಜವಾದ ರುಚಿ ಗೊತ್ತಾಗುವುದು ಮೂರನೇ ಸಲಕ್ಕೆ.

ಪ್ರತಿ ಸಲವೂ ಎರಡು ಅಂಕ ಬರೆಯಿರಿ. ಹೊರಡುವ ಮುಂಚೆ, "ಇವತ್ತು ಎಷ್ಟು ಖುಷಿ ಸಿಗಬಹುದು?" ಅಂತ ಹತ್ತಕ್ಕೆ ಒಂದು ಅಂದಾಜು. ಮುಗಿದ ಮೇಲೆ, ನಿಜವಾಗಿ ಎಷ್ಟು ಸಿಕ್ಕಿತು ಅಂತ ಇನ್ನೊಂದು. ಇದು ಸುಮ್ನೆ ಲೆಕ್ಕ ಬರೆಯುವ ಕೆಲಸ ಅಲ್ಲ. ಜನ ವ್ಯಾಯಾಮದಿಂದ ಸಿಗುವ ಖುಷಿಯನ್ನು ಮುಂಚಿತವಾಗಿ ತುಂಬಾ ಕಡಿಮೆ ಅಂದಾಜು ಮಾಡುತ್ತಾರೆ ಅಂತ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಕಾರಣವೂ ಅದರಲ್ಲೇ ಸಿಕ್ಕಿತು. ಯೋಚಿಸುವಾಗ ನಮ್ಮ ಗಮನವೆಲ್ಲ ಶುರುವಿನ ಕೆಲವು ನಿಮಿಷಗಳ ಮೇಲೇ ಇರುತ್ತದೆ. ಹಾಸಿಗೆ ಬಿಟ್ಟು ಏಳುವುದು, ಬೂಟು ಹಾಕಿಕೊಳ್ಳುವುದು, ಮೈ ಇನ್ನೂ ಬಿಸಿಯಾಗದ ಆ ಹೊತ್ತು. ಅದು ಕಷ್ಟದ್ದೇ. ಅದು ದಾಟಿದ ಮೇಲೆ ಬರುವ ಹಗುರ ನಮಗೆ ಮೊದಲೇ ಕಾಣುವುದಿಲ್ಲ.

ನನ್ನ ಹಾಳೆಯಲ್ಲಿ ಸಂಜೆಯ ನಡಿಗೆಯ ಎದುರು ಹೊರಡುವ ಮುಂಚೆ 3, ಬಂದ ಮೇಲೆ 7 ಅಂತ ಐದು ದಿನ ಹೆಚ್ಚುಕಡಿಮೆ ಹಾಗೇ ಇತ್ತು. ಆರನೇ ದಿನ ಹೊರಡಲು ಮನಸ್ಸಿಲ್ಲದೆ ಕೂತಿದ್ದಾಗ ಆ ಹಾಳೆ ಕಣ್ಣಿಗೆ ಬಿತ್ತು. ನನ್ನದೇ ಕೈಬರಹ. ಎದ್ದು ಹೊರಟೆ.

ಮೂರು ಸಲ ಮಾಡಿದ ಮೇಲೂ ಬಂದ ಮೇಲಿನ ಅಂಕ 3ರಲ್ಲೇ ಇದ್ದರೆ ಅದನ್ನು ಹೊಡೆದು ಹಾಕಿ. ಅದು ಎಷ್ಟೇ ಒಳ್ಳೆಯ ವ್ಯಾಯಾಮ ಆಗಿರಲಿ.

3. ಏದುಸಿರು ಬರುವ ಮುಂಚೆ ನಿಲ್ಲಿಸಿ

ಹೊಸದಾಗಿ ಶುರು ಮಾಡುವವರು ಜಾಸ್ತಿ ಎಡವುವುದು ಇಲ್ಲೇ. ಮೊದಲ ವಾರದ ಹುರುಪಿನಲ್ಲಿ ಮೈ ಮುರಿಯುವಷ್ಟು ಮಾಡುತ್ತಾರೆ. ಎರಡನೇ ದಿನ ಮೆಟ್ಟಿಲು ಇಳಿಯಲು ತೊಡೆ ಬಿಡುವುದಿಲ್ಲ. ಮೂರನೇ ದಿನ ಹೋಗುವುದಿಲ್ಲ. ಹೊಸ ಕೆಲಸ ಮಾಡಿದ ಸ್ನಾಯುಗಳ ನೋವು 24ರಿಂದ 72 ಗಂಟೆಯ ನಡುವೆ ಜೋರಾಗುವುದು ಸಹಜ. ಹಾಗಾಗಿ ಮಾಡುವಾಗ "ಏನೂ ಆಗಲಿಲ್ಲವಲ್ಲ" ಅನ್ನಿಸಿದರೂ ನಂಬಬೇಡಿ.

ವ್ಯಾಯಾಮದ ಖುಷಿಗೆ ಒಂದು ಗಡಿ ಇದೆ. ಉಸಿರು ಹತೋಟಿಯಲ್ಲಿ ಇರುವವರೆಗೆ ಹೆಚ್ಚಿನವರಿಗೆ ಹಿತವಾಗಿರುತ್ತದೆ. ಅದು ಕೈತಪ್ಪಿ ಏದುಸಿರು ಬಂದ ಮೇಲೆ ಹೆಚ್ಚುಕಡಿಮೆ ಎಲ್ಲರಿಗೂ ಹಿತ ಇಳಿಯುತ್ತಾ ಹೋಗುತ್ತದೆ. ಹಳಬರು ಆ ಕಷ್ಟವನ್ನೂ ಇಷ್ಟಪಡಲು ಕಲಿತಿರುತ್ತಾರೆ, ಅದು ಬೇರೆ ಮಾತು. ಹೊಸಬರು ಗಡಿಯ ಈಚೆಯೇ ಇರಬೇಕು.

ಗಡಿ ಎಲ್ಲಿದೆ ಅಂತ ತಿಳಿಯಲು ಯಂತ್ರ ಬೇಡ. ಮಾಡುತ್ತಾ ಮಾತಾಡಿ ನೋಡಿ. ಆರಾಮಾಗಿ ಹಾಡಲು ಆಗುತ್ತಿದ್ದರೆ ಅದು ಹಗುರ. ಮಾತಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಅಂದರೆ ಮಧ್ಯಮ. ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ಅದು ಜೋರು. ಮೊದಲ ಒಂದೆರಡು ತಿಂಗಳು ಹಗುರ ಮತ್ತು ಮಧ್ಯಮದ ನಡುವೆಯೇ ಓಡಾಡಿಕೊಂಡಿರಿ.

ಇನ್ನೂ ಸ್ವಲ್ಪ ಹೊತ್ತು ಮಾಡಬಹುದಿತ್ತು ಅನ್ನಿಸುವಾಗಲೇ ನಿಲ್ಲಿಸಿ. ಊಟದ ಎಲೆಯಿಂದ ಸ್ವಲ್ಪ ಹಸಿವು ಉಳಿಸಿಕೊಂಡು ಏಳುತ್ತೇವಲ್ಲ, ಹಾಗೆ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಆ ಉಳಿದ ಆಸೆಯೇ ಮರುದಿನ ನಿಮ್ಮನ್ನು ಎಬ್ಬಿಸುತ್ತದೆ.

ಕೊನೆಯನ್ನು ಹಗುರ ಮಾಡಿಕೊಳ್ಳುವ ಇನ್ನೊಂದು ಉಪಾಯವೂ ಇದೆ. ಸಾಮಾನ್ಯವಾಗಿ ನಾವು ನಿಧಾನವಾಗಿ ಶುರು ಮಾಡಿ ಕೊನೆಗೆ ಜೋರು ಮಾಡುತ್ತೇವೆ. 2016ರ ಒಂದು ಪ್ರಯೋಗದಲ್ಲಿ ಒಂದು ಗುಂಪು ವ್ಯಾಯಾಮದ ಸೈಕಲ್ಲನ್ನು ಹೀಗೇ ತುಳಿಯಿತು, ಇನ್ನೊಂದು ಗುಂಪು ಜೋರಾಗಿ ಶುರು ಮಾಡಿ ಹಗುರ ಮಾಡುತ್ತಾ ಬಂತು. ಎರಡನೆಯವರಿಗೇ ಅದು ಹೆಚ್ಚು ಹಿತವಾಗಿತ್ತು, ನೆನಪಿನಲ್ಲೂ ಚೆನ್ನಾಗಿ ಉಳಿಯಿತು. ಹಾಗಂತ ಬಾಗಿಲು ದಾಟಿದ ಕೂಡಲೇ ಓಡಬೇಡಿ. ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ, ಏರು ದಾರಿಯನ್ನು ಮೊದಲರ್ಧಕ್ಕೆ ಇಟ್ಟುಕೊಳ್ಳಿ, ಇಳಿಜಾರಿನಲ್ಲಿ ಮನೆ ಸೇರಿ.

ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಲೇಬೇಕು. ಮಾಡುವಾಗ ಎದೆ ನೋವು, ಎದೆ ಬಿಗಿತ, ತಲೆ ಸುತ್ತು, ಎಂದಿನದಲ್ಲದ ಉಸಿರುಕಟ್ಟುವಿಕೆ ಬಂದರೆ ತಕ್ಷಣ ನಿಲ್ಲಿಸಿ ಸಹಾಯ ಕೇಳಿ. ಸ್ನಾಯು ಹಿಡಿದುಕೊಂಡ ನೋವು ಬೇರೆ, ಕೀಲಿನಲ್ಲಿ ಚುಚ್ಚುವ ನೋವು ಬೇರೆ. ಚುಚ್ಚುವ ನೋವನ್ನು ಸಹಿಸಿಕೊಂಡು ಮುಂದುವರಿಸಬೇಡಿ.

4. ಎಷ್ಟು ಮಾಡಿದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ ಬೇಕು. ಜೋರಾಗಿ ಮಾಡುವವರಿಗೆ 75ರಿಂದ 150 ನಿಮಿಷ ಸಾಕು. ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ ಕೊಡಬೇಕು. 65 ದಾಟಿದವರು ಇದರ ಮೇಲೆ ವಾರಕ್ಕೆ 3 ದಿನವಾದರೂ ಸಮತೋಲನಕ್ಕೆ ಮತ್ತು ಶಕ್ತಿಗೆ ಬೇಕಾದ ವ್ಯಾಯಾಮ ಮಾಡಿದರೆ ಬೀಳುವ ಅಪಾಯ ಕಡಿಮೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ.

150 ನಿಮಿಷ ಅಂದ ಕೂಡಲೇ ಎದೆಗುಂದಬೇಡಿ. ಆ ಮಾರ್ಗಸೂಚಿಯಲ್ಲೇ ಇನ್ನೊಂದು ಒಳ್ಳೆಯ ಬದಲಾವಣೆ ಇತ್ತು. ಮುಂಚೆ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಅನ್ನುತ್ತಿದ್ದರು. 2020ರಲ್ಲಿ ಆ ನಿಯಮವನ್ನೇ ತೆಗೆದರು. ಎರಡು ನಿಮಿಷದ ಮೆಟ್ಟಿಲೂ ಲೆಕ್ಕಕ್ಕೆ ಬರುತ್ತದೆ. ಏನೂ ಮಾಡದೆ ಇರುವುದಕ್ಕಿಂತ ಸ್ವಲ್ಪ ಮಾಡುವುದೇ ಮೇಲು ಅಂತಲೂ ಅದರಲ್ಲಿ ಸ್ಪಷ್ಟವಾಗಿದೆ.

10,000 ಹೆಜ್ಜೆಯ ಮಾತೂ ಅಷ್ಟೇ. ಅದು ವೈದ್ಯರು ಲೆಕ್ಕ ಹಾಕಿ ಹೇಳಿದ ಸಂಖ್ಯೆ ಅಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಸಾಧನ ಮಾರಾಟಕ್ಕೆ ಬಂತು. ಅದರ ಹೆಸರಿನ ಅರ್ಥವೇ "ಹತ್ತು ಸಾವಿರ ಹೆಜ್ಜೆಯ ಮಾಪಕ". ಹೆಸರೇ ಗುರಿಯಾಗಿ ಲೋಕವೆಲ್ಲ ಹರಡಿತು. 2019ರಲ್ಲಿ ಸರಾಸರಿ 72 ವರ್ಷದ ಸುಮಾರು 17,000 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆ ಇತ್ತು. ಸುಮಾರು 7,500 ಆದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಹೆಜ್ಜೆ ಎಣಿಸುವುದು ನಿಮಗೆ ಖುಷಿ ಕೊಟ್ಟರೆ ಎಣಿಸಿ. 10,000 ಆಗಲಿಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಮನೆಯೊಳಗೆ ಸುತ್ತು ಹಾಕಿ ಸಂಕಟಪಡಬೇಡಿ.

ದಿನದ ಕೆಲಸದಲ್ಲೇ ಸೇರಿಕೊಂಡ ಓಡಾಟವನ್ನು ಕಡೆಗಣಿಸಬಾರದು. ಓಡಾಟಕ್ಕೂ ಹೃದಯಕ್ಕೂ ಇರುವ ನಂಟನ್ನು ಮೊದಲು ಚೆನ್ನಾಗಿ ತೋರಿಸಿಕೊಟ್ಟವರಲ್ಲಿ ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್ ಒಬ್ಬರು. 1953ರಲ್ಲಿ ಅವರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿದರು. ದಿನವಿಡೀ ಕೂತು ಓಡಿಸುವ ಡ್ರೈವರುಗಳಿಗಿಂತ, ಮಹಡಿ ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಇತ್ತು. ಆ ಕಂಡಕ್ಟರುಗಳು ಯಾರೂ ವ್ಯಾಯಾಮ ಅಂತ ಮಾಡಿದ್ದಲ್ಲ.

ಸ್ನಾಯುಗಳ 2 ದಿನಕ್ಕೂ ಭಾರೀ ಸಲಕರಣೆ ಬೇಡ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಗೋಡೆಗೆ ಕೈಯಿಟ್ಟು ಹತ್ತು ಸಲ ಮುಂದೆ ಬಾಗಿ ತಳ್ಳಿಕೊಳ್ಳಿ. ಗಿಡಗಳಿಗೆ ಎರಡೂ ಕೈಯಲ್ಲಿ ನೀರು ತುಂಬಿದ ಬಕೆಟ್ ಹೊತ್ತುಕೊಂಡು ಹೋಗಿ. ಇಷ್ಟರಿಂದಲೇ ಶುರು ಮಾಡಬಹುದು.

5. ಅದಕ್ಕೊಂದು ಜಾಗ ಮಾಡಿಕೊಡಿ

ಇಷ್ಟವಾದದ್ದು ಸಿಕ್ಕಿತು ಅಂದುಕೊಳ್ಳೋಣ. "ಟೈಮ್ ಸಿಕ್ಕಾಗ ಮಾಡ್ತೀನಿ" ಅಂದರೆ ಅದೂ ಆರು ವಾರದಲ್ಲಿ ಕಾಣೆಯಾಗುತ್ತದೆ. ದಿನವೂ ತಪ್ಪದೆ ನಡೆಯುವ ಒಂದು ಕೆಲಸದ ಬಾಲಕ್ಕೆ ಇದನ್ನು ಕಟ್ಟಿ. ಮಗುವನ್ನು ಶಾಲೆಗೆ ಬಿಟ್ಟ ಮೇಲೆ, ಕೆಲಸ ಮುಗಿಸಿ ಬಟ್ಟೆ ಬದಲಿಸುವಾಗ, ಹಲ್ಲುಜ್ಜಿದ ಮೇಲೆ. ಗಡಿಯಾರದ ಹೊತ್ತು ತಪ್ಪಬಹುದು, ಹಲ್ಲುಜ್ಜುವುದು ತಪ್ಪುವುದಿಲ್ಲ ಅಲ್ವಾ?

ಬೇಕಾದ ಸಾಮಾನು ಕಣ್ಣೆದುರು ಇರಲಿ. ಬೂಟು ಬಾಗಿಲ ಬಳಿ, ಸ್ಕಿಪ್ಪಿಂಗ್ ಹಗ್ಗ ಬಾಗಿಲ ಹಿಂದಿನ ಮೊಳೆಯಲ್ಲಿ. ಸೈಕಲ್ ಟೈರಿಗೆ ರಾತ್ರಿಯೇ ಗಾಳಿ ಹೊಡೆದಿಡಿ. ಬೆಳಗ್ಗೆ ಪಂಪ್ ಹುಡುಕುವ ಐದು ನಿಮಿಷದಲ್ಲಿ ಮನಸ್ಸು ತಿರುಗಿಬಿಡುತ್ತದೆ.

ಒಬ್ಬರೇ ಮಾಡುವಾಗ ಬೋರ್ ಆಗುವವರು ಇಷ್ಟದ ಕಥೆಯನ್ನೋ ಹಾಡನ್ನೋ ಆ ಹೊತ್ತಿಗೆ ಮಾತ್ರ ಮೀಸಲಿಡಬಹುದು. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಮುಂದೇನಾಯಿತು ಅಂತ ಕುತೂಹಲ ಹುಟ್ಟಿಸುವ ಆಡಿಯೊ ಕಾದಂಬರಿಗಳನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಕೊಟ್ಟರು. ಅಂಥವರು ಶುರುವಿನಲ್ಲಿ ಉಳಿದವರಿಗಿಂತ 51% ಹೆಚ್ಚು ಸಲ ಜಿಮ್‌ಗೆ ಬಂದರು. ದಿನ ಕಳೆದಂತೆ ಆ ಹುರುಪು ಇಳಿಯಿತು. ನಡುವೆ ಒಂದು ರಜೆ ಬಂದ ಮೇಲಂತೂ ಪೂರ್ತಿ ಹೋಯಿತು. ಹಾಗಾಗಿ ರಜೆ ಮುಗಿದ ಮರುದಿನಕ್ಕೆ ಹೊಸ ಕಥೆಯೊಂದನ್ನು ಮೊದಲೇ ತಂದಿಟ್ಟುಕೊಳ್ಳಿ. ರಸ್ತೆಯಲ್ಲಿ ನಡೆಯುವಾಗ, ಸೈಕಲ್ ತುಳಿಯುವಾಗ ಎರಡೂ ಕಿವಿ ಮುಚ್ಚಿಕೊಳ್ಳಬೇಡಿ.

ಜೊತೆ ಬೇಕು ಅನ್ನುವವರಿಗೆ ಒಬ್ಬರಿಗಿಂತ ಇಬ್ಬರು ಮೂವರು ಸಿಕ್ಕರೆ ಒಳ್ಳೆಯದು. ಒಬ್ಬರನ್ನೇ ನೆಚ್ಚಿಕೊಂಡರೆ ಅವರಿಗೆ ನೆಗಡಿಯಾದ ದಿನ ನಿಮ್ಮದೂ ನಿಂತುಹೋಗುತ್ತದೆ. ಮತ್ತೆ ಶಟಲ್ ಶುರು ಮಾಡಿದ ಅಕ್ಕ ಹತ್ತಿರದ ಶಟಲ್ ಕೋರ್ಟ್‌ನಲ್ಲಿ ತನ್ನಷ್ಟೇ ಆಡುವ ಮೂವರನ್ನು ಹುಡುಕಿಕೊಳ್ಳಲು ಒಂದು ತಿಂಗಳು ತೆಗೆದುಕೊಂಡಳು. ತನಗಿಂತ ತುಂಬಾ ಚೆನ್ನಾಗಿ ಆಡುವವರ ಎದುರು ಆಡಿದ ದಿನ ಬರೀ ಕಾಕ್ ಹೆಕ್ಕುವುದೇ ಆಗುತ್ತಿತ್ತಂತೆ. ನಿಮ್ಮ ಮಟ್ಟದವರನ್ನು ಹುಡುಕಲು ಆ ಒಂದು ತಿಂಗಳು ಕೊಡಿ.

ಅಭ್ಯಾಸ 21 ದಿನಕ್ಕೆ ಕೂರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. 22ನೇ ದಿನವೂ ಕಷ್ಟ ಅನ್ನಿಸಿದಾಗ, ತಮ್ಮಲ್ಲೇ ಏನೋ ಕೊರತೆ ಇದೆ ಅಂತ ಜನ ನೊಂದುಕೊಳ್ಳುತ್ತಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬೇಕಾಯಿತು. ಅದೂ ಅಂದಾಜು 18ರಿಂದ 254 ದಿನದವರೆಗೆ ಒಬ್ಬೊಬ್ಬರಿಗೆ ಒಂದೊಂದು ತರಹ. ನೀರು ಕುಡಿಯುವಂಥ ಅಭ್ಯಾಸಕ್ಕಿಂತ ವ್ಯಾಯಾಮಕ್ಕೆ ಜಾಸ್ತಿ ದಿನ ಹಿಡಿಯಿತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂರುವುದಕ್ಕೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ.

6. ತೂಕದ ಯಂತ್ರವನ್ನು ಪಕ್ಕಕ್ಕಿಡಿ

ತೂಕ ಇಳಿಸಲೆಂದೇ ಶುರು ಮಾಡಿದವರು, ಮುಳ್ಳು ಅಲುಗದ ವಾರವೇ ಬಿಟ್ಟುಬಿಡುವುದನ್ನು ತುಂಬಾ ನೋಡಿದ್ದೇನೆ. ತೂಕಕ್ಕೆ ಊಟ, ನಿದ್ದೆ, ಔಷಧಿ, ವಯಸ್ಸು ಹೀಗೆ ನೂರೆಂಟು ಕಾರಣ. ಓಡಾಟದ ಲಾಭ ಅದಕ್ಕೆ ಕಾಯುವುದಿಲ್ಲ. ಅದರ ಬದಲು ಬೇರೆ ಗುರುತುಗಳನ್ನು ಗಮನಿಸಿ. ರಾತ್ರಿ ಬೇಗ ನಿದ್ದೆ ಬಂತಾ? ಮೂರನೇ ಮಹಡಿಗೆ ಹತ್ತಿದಾಗ ಮಾತು ನಿಂತಿತಾ, ಮುಂದುವರಿಯಿತಾ? ಸಿಟ್ಟು ಇಳಿಯಲು ಎಷ್ಟು ಹೊತ್ತು ಬೇಕಾಯಿತು?

7. ನಿಂತುಹೋದಾಗ

ನಿಲ್ಲುತ್ತದೆ. ಜ್ವರ ಬರುತ್ತದೆ, ಮಳೆ ಹಿಡಿಯುತ್ತದೆ, ಪರೀಕ್ಷೆ, ಪ್ರಯಾಣ, ಮನೆಯಲ್ಲಿ ಯಾರಿಗೋ ಹುಷಾರಿಲ್ಲ. ಇದಕ್ಕೆ ಮುಂಚೆಯೇ ಒಂದು ಪುಟ್ಟ ಏರ್ಪಾಡು ಇಟ್ಟುಕೊಳ್ಳಿ. ಅರ್ಧ ಗಂಟೆ ಆಗದ ದಿನ ಐದು ನಿಮಿಷ. ಹೊರಗೆ ಹೋಗಲಾಗದ ದಿನ ಒಳಗೇ ಎರಡು ಹಾಡಿಗೆ ಕುಣಿತ. ಜ್ವರ ಇರುವ ದಿನ ಮಾತ್ರ ಏನೂ ಬೇಡ, ಮಲಗಿ.

ವಾರಗಟ್ಟಲೆ ಬಿಟ್ಟ ಮೇಲೆ ಮರಳುವಾಗ ಮುಂಚಿನ ಅರ್ಧದಿಂದ ಶುರು ಮಾಡಿ. ಬಿಟ್ಟ ದಿನಗಳ ಬಾಕಿ ತೀರಿಸಲು ಹೋಗಬೇಡಿ. ಬೇಸರವೇ ಕಾರಣ ಆಗಿದ್ದರೆ ಮೊದಲು ದಾರಿ ಬದಲಿಸಿ, ಹೊತ್ತು ಬದಲಿಸಿ, ಜೊತೆ ಬದಲಿಸಿ. ಅದರಿಂದಲೂ ಆಗದಿದ್ದರೆ ಹಳೆಯ ಹಾಳೆ ತೆಗೆದು ಎರಡನೇ ಹೆಸರಿಗೆ ಹೋಗಿ. ಒಂದನ್ನೇ ಜೀವನಪೂರ್ತಿ ಮಾಡಬೇಕು ಅಂತ ಯಾರೂ ಹೇಳಿಲ್ಲ.

ಪೆಟ್ಟಾಗಿ ನಿಂತಾಗ ಏನು ಮಾಡಬಹುದು ಅನ್ನುವುದನ್ನು ನಾನು ಅಕ್ಕನಿಂದ ಕಲಿತೆ. ಆಟ ಶುರು ಮಾಡಿ ಎಂಟು ತಿಂಗಳಾಗಿತ್ತು. ಹಿಂದಕ್ಕೆ ಓಡುವಾಗ ಕಾಲು ಉಳುಕಿತು. ನೋಡಿದ ವೈದ್ಯರು ಮೂರು ವಾರ ಆಡಬೇಡಿ ಅಂದರು. ಈ ಸಲ ಪೂರ್ತಿ ಬಿಟ್ಟೇಹೋಗುತ್ತದೆ ಅಂತ ನನಗೆ ಹೆದರಿಕೆ ಆಯಿತು. ಪಾದ ಊರಿ ಆರಾಮಾಗಿ ನಡೆಯಲು ಬಂದ ದಿನದಿಂದ ಅವಳು ಅದೇ ಹೊತ್ತಿಗೆ ಕೋರ್ಟಿಗೆ ಹೋಗಿ ಬೆಂಚಿನ ಮೇಲೆ ಕೂರತೊಡಗಿದಳು. ಉಳಿದವರ ಸ್ಕೋರ್ ಹೇಳುತ್ತಿದ್ದಳು. ಕೂತಲ್ಲೇ ಕೈ, ಭುಜ ಆಡಿಸಿಕೊಳ್ಳುತ್ತಿದ್ದಳು. ನಾಲ್ಕನೇ ವಾರ, ವೈದ್ಯರು ಸರಿ ಅಂದ ಮೇಲೆ, ನೆಟ್‌ನ ಹತ್ತಿರ ನಿಂತು ಹತ್ತೇ ನಿಮಿಷ ನಿಧಾನವಾಗಿ ಕಾಕ್ ತಟ್ಟಿದಳು. ಆಮೇಲಿನ ವಾರ ಹದಿನೈದು ನಿಮಿಷ. ಆಮೇಲೆ ಅರ್ಧ ಕೋರ್ಟು. ಪೂರ್ತಿ ಆಟಕ್ಕೆ ಮರಳಲು ಎರಡು ತಿಂಗಳು ಹಿಡಿಯಿತು.